ಭಾರದ ತೋಳು, ಬಳುಕುವ ಸೂಜಿ

ಮೊದಲು ಗೊತ್ತಾದದ್ದು ಸ್ಪೀಕರಿನಿಂದ. ನನ್ನ ಹಳೆಯ ರೆಕಾರ್ಡ್ ಪ್ಲೇಯರಿನ ಸೂಜಿ ಆಗಷ್ಟೇ ರೆಕಾರ್ಡಿನ ಅಂಚಿಗೆ ಇಳಿದಿತ್ತು, ಹಾಡು ಇನ್ನೂ ಶುರುವಾಗಿರಲಿಲ್ಲ. ಆದರೂ ವೂಫರಿನ, ಅಂದರೆ ತಗ್ಗಿನ ಸ್ವರ ನುಡಿಸುವ ಸ್ಪೀಕರಿನ, ಕೋನ್ ಕಪ್ಪೆಯ ಗಂಟಲಿನ ಹಾಗೆ ಒಳಗೂ ಹೊರಗೂ ಆಡುತ್ತಿತ್ತು. ಕಿವಿಗೆ ಮಾತ್ರ ಏನೂ ಕೇಳದು. ಹಾಡು ಶುರುವಾದ ಮೇಲೆ ಉದ್ದಕ್ಕೆ ಎಳೆದ ಸ್ವರಗಳಲ್ಲೆಲ್ಲ ಸಣ್ಣ ನಡುಕ. ತಗ್ಗಿನ ಸ್ವರಗಳು ಒಂದಕ್ಕೊಂದು ಮೆತ್ತಿಕೊಂಡ ಹಾಗೆ. ಸ್ವಲ್ಪ ಸೊಟ್ಟಗಾದ ರೆಕಾರ್ಡು ಹಾಕಿದರಂತೂ ಸೂಜಿ ಅದೇ ಜಾಗಕ್ಕೆ ಬಂದಾಗಲೆಲ್ಲ ಹಾರಿಬಿಡುತ್ತಿತ್ತು.

ಸೂಜಿಯನ್ನು ರೆಕಾರ್ಡಿನ ಮೇಲೆ ಹಿಡಿಯುವ ತೋಳು 1970ರ ದಶಕದ್ದು. ಎಸ್ ಆಕಾರದ ಲೋಹದ ಕೊಳವೆ, ತುದಿಯಲ್ಲಿ ಸೂಜಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಕಾರ್ಟ್ರಿಜ್ ಕೂರುವ, ಬಿಚ್ಚಿ ಹಾಕಬಹುದಾದ ದಪ್ಪ ಹೆಡ್‌ಶೆಲ್, ಹಿಂದೆ ತೂಕ ಸರಿದೂಗಿಸಲು ತಿರುಗಿಸುವ ಕೌಂಟರ್‌ವೇಟ್. ಮ್ಯಾನುಯಲ್ ನನ್ನ ಕೈಗೆ ಬರುವ ಮೊದಲೇ ಎಲ್ಲೋ ಕಳೆದುಹೋಗಿತ್ತು. ಕಾರ್ಟ್ರಿಜ್ ಕೂಡ ಅದೇ ಕಾಲದ ಮೂವಿಂಗ್ ಮ್ಯಾಗ್ನೆಟ್ (ಸೂಜಿಯ ಜೊತೆ ಆಯಸ್ಕಾಂತ ಅಲುಗುವ ಬಗೆ), 6 ಗ್ರಾಂ ತೂಕ, ಸೂಜಿ ಮಾತ್ರ ಹೊಸದು. ಎರಡೂ ಒಂದೇ ಕಾಲದವು, ಹೊಂದಿಕೊಳ್ಳದೆ ಎಲ್ಲಿಗೆ ಹೋದಾವು ಅಂದುಕೊಂಡಿದ್ದೆ. ಎಡವಿದ್ದು ಅಲ್ಲೇ.

ಎರಡು ವಾರ ಬೇಡದ್ದನ್ನೆಲ್ಲ ಅನುಮಾನಿಸಿದೆ. ತೋಳು ಒಳಕ್ಕೆ ಎಳೆಯುವುದನ್ನು ತಡೆಯುವ ಆಂಟಿಸ್ಕೇಟಿಂಗ್ ಹೆಚ್ಚು ಕಡಿಮೆ ಮಾಡಿದೆ, ಪೆಟ್ಟಿಗೆಯ ಕಾಲಿನ ಕೆಳಗೆ ರಬ್ಬರ್ ಇಟ್ಟೆ, ಕಾರ್ಟ್ರಿಜ್ ಕೊಡುವ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಫೋನೋ ಸ್ಟೇಜ್ ಬದಲಿಸಿದೆ. ಸೂಜಿಯ ಒತ್ತಡವನ್ನು 1.2 ಗ್ರಾಂನಿಂದ 1.5ಕ್ಕೆ ಏರಿಸಿದಾಗ ಕಾರ್ಟ್ರಿಜ್‌ನ ಹೊಟ್ಟೆ ರೆಕಾರ್ಡಿಗೆ ತಾಗುವಷ್ಟು ಕೆಳಗಿಳಿಯಿತು, ಹಾರುವುದು ಮಾತ್ರ ನಿಲ್ಲಲಿಲ್ಲ. ಕೊನೆಗೊಂದು ರಾತ್ರಿ ಟಾರ್ಚ್ ಹಿಡಿದು, ಕಣ್ಣನ್ನು ರೆಕಾರ್ಡಿನ ಮಟ್ಟಕ್ಕೆ ತಂದು, ಪಕ್ಕದಿಂದ ನೋಡಿದೆ. ರೆಕಾರ್ಡಿನ ಉಬ್ಬು ಬಂದಾಗ ಸೂಜಿ ಮೇಲೇರುತ್ತದೆ, ಹೆಡ್‌ಶೆಲ್ ಏರುವುದಿಲ್ಲ. ಕ್ಯಾಂಟಿಲಿವರ್, ಅಂದರೆ ಸೂಜಿಯನ್ನು ಹೊತ್ತ ಕಡ್ಡಿ, ಕಾರ್ಟ್ರಿಜ್‌ನೊಳಗೆ ಮಡಚಿಕೊಳ್ಳುತ್ತದೆ. ಉಬ್ಬು ದಾಟಿದ ಮೇಲೆ ಹೆಡ್‌ಶೆಲ್ ತಡವಾಗಿ ಮೇಲೆದ್ದು, ಇಳಿಯುವಾಗ ಗುರಿ ಮೀರಿ ಇಳಿದು, ಮತ್ತೆ ಏಳುತ್ತದೆ. ಹಲವು ಸಲ ಹೀಗೆ ತೂಗಿ ಇನ್ನೇನು ನಿಲ್ಲಬೇಕು ಅನ್ನುವಷ್ಟರಲ್ಲಿ ಅದೇ ಉಬ್ಬು ಮತ್ತೆ ಹಾಜರು. 33⅓ ವೇಗದಲ್ಲಿ ಒಂದು ಸುತ್ತಿಗೆ ಬರೀ 1.8 ಸೆಕೆಂಡ್ ತಾನೆ.

ಜೋಕಾಲಿ ತೂಗುವುದೂ ಹೀಗೇ. ತೋಳಿನ ಭಾರ ಒಂದು ಕಡೆ, ಕ್ಯಾಂಟಿಲಿವರ್ ಸ್ಪ್ರಿಂಗಿನ ಹಾಗೆ ಇನ್ನೊಂದು ಕಡೆ. ಎರಡೂ ಸೇರಿದರೆ ತೂಗಲು ತಮ್ಮದೇ ಆದ ಒಂದು ಲಯ ಹುಟ್ಟುತ್ತದೆ. ಆ ಲಯಕ್ಕೆ ಸರಿಯಾಗಿ ಯಾರಾದರೂ ತಳ್ಳುತ್ತಾ ಹೋದರೆ ತೂಗಾಟ ಬೆಳೆಯುತ್ತಲೇ ಇರುತ್ತದೆ. ಇದು ಅನುರಣನ. ರೆಕಾರ್ಡಿನ ಸೊಟ್ಟತನ ತಳ್ಳುವುದು ಹೆಚ್ಚಾಗಿ 5–6 ಹರ್ಟ್ಸ್ ಒಳಗೆ. ಸಂಗೀತ 20 ಹರ್ಟ್ಸ್‌ನಿಂದ ಮೇಲಕ್ಕೆ. ತೋಳಿನ ಲಯ ಇವೆರಡರ ನಡುವಿನ ಖಾಲಿ ಜಾಗದಲ್ಲಿ, 8ರಿಂದ 12 ಹರ್ಟ್ಸ್ ಒಳಗೆ ಬಿದ್ದರೆ ಇಬ್ಬರ ಕೈಗೂ ಸಿಗದೆ ತಪ್ಪಿಸಿಕೊಳ್ಳುತ್ತದೆ.

ಲೆಕ್ಕ ಸುಲಭ. ತೋಳಿನ ಎಫೆಕ್ಟಿವ್ ಮಾಸ್, ಕಾರ್ಟ್ರಿಜ್, ಸ್ಕ್ರೂ ಮೂರನ್ನೂ ಗ್ರಾಂನಲ್ಲಿ ಕೂಡಿಸಿ, ಕಾರ್ಟ್ರಿಜ್‌ನ ಕಂಪ್ಲಯನ್ಸ್‌ನಿಂದ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ 159 ಅನ್ನು ಭಾಗಿಸಿದರೆ ಹರ್ಟ್ಸ್ ಸಿಗುತ್ತದೆ. ಕಂಪ್ಲಯನ್ಸ್ ಅಂದರೆ ಕ್ಯಾಂಟಿಲಿವರ್ ಎಷ್ಟು ಸಲೀಸಾಗಿ ಬಳುಕುತ್ತದೆ ಅನ್ನುವ ಅಳತೆ. ನನ್ನ ಕಾರ್ಟ್ರಿಜ್‌ನದು 30, ಬಹಳ ಮೆದು. ತೋಳಿನ ಎಫೆಕ್ಟಿವ್ ಮಾಸ್ ಗೊತ್ತಿರಲಿಲ್ಲ. ಇದನ್ನು ತಕ್ಕಡಿಯಲ್ಲಿ ತೂಗಿ ನೋಡಲಾಗದು. ಅಲುಗಿಸಲು ಹೋದಾಗ ಸೂಜಿಯ ಜಾಗದಲ್ಲಿ ಎಷ್ಟು ಭಾರವಾಗಿ ತೋರುತ್ತದೆ ಅನ್ನುವುದು ಇಲ್ಲಿ ಮುಖ್ಯ, ಅಲ್ಲಿ ದೂರದ ವರ್ಗ ಲೆಕ್ಕಕ್ಕೆ ಬರುತ್ತದೆ. ತುದಿಯ ಹೆಡ್‌ಶೆಲ್‌ನ ಒಂದು ಗ್ರಾಂ ಹೆಚ್ಚುಕಡಿಮೆ ಪೂರ್ತಿ ಒಂದು ಗ್ರಾಂ. ತಿರುಗುವ ಬಿಂದುವಿನಿಂದ 40 ಮಿ.ಮೀ. ಹಿಂದೆ ಕೂತ 100 ಗ್ರಾಂ ಕೌಂಟರ್‌ವೇಟ್, 230 ಮಿ.ಮೀ. ಉದ್ದದ ತೋಳಿನಲ್ಲಿ, ಸೂಜಿಗೆ ಬರೀ 3 ಗ್ರಾಂ. ಅದನ್ನೇ 160 ಗ್ರಾಂ ಮಾಡಿ 25 ಮಿ.ಮೀ.ಗೆ ತಂದರೆ ತೂಕ ಅಷ್ಟೇ ಸರಿದೂಗುತ್ತದೆ, ಸೂಜಿಗೆ ಅನ್ನಿಸುವುದು ಮಾತ್ರ 2 ಗ್ರಾಂಗೂ ಕಡಿಮೆ. ಹಿಂದಿನ ಭಾರ ದೊಡ್ಡದಿದ್ದರೆ ತೋಳೂ ಭಾರ ಅನ್ನುವುದು ಎಷ್ಟೋ ಜನರ ನಂಬಿಕೆ, ನನ್ನದೂ ಆಗಿತ್ತು.

ಅಳೆದದ್ದು ಹೀಗೆ. ಫೋನೋ ಸ್ಟೇಜಿನಲ್ಲಿ ಕಿವಿಗೆ ಕೇಳದಷ್ಟು ತಗ್ಗಿನ ಆವರ್ತನಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಆಫ್ ಮಾಡಿ, ಹಾಡಿಲ್ಲದ ಖಾಲಿ ಗೆರೆಯನ್ನು ಒಂದು ನಿಮಿಷ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡು ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಅಲುಗಾಟ ಅನ್ನುವ ನಕ್ಷೆ, ತೆಗೆದೆ. 20 ಹರ್ಟ್ಸ್ ಕೆಳಗೆ ಒಂದೇ ಒಂದು ಗುಡ್ಡ, ನೆತ್ತಿ 6 ಹರ್ಟ್ಸ್ ಹತ್ತಿರ. ಲೆಕ್ಕವನ್ನು ಹಿಂದುಮುಂದು ಮಾಡಿದರೆ ಒಟ್ಟು ತೂಕ 23.4 ಗ್ರಾಂ, ಕಾರ್ಟ್ರಿಜ್ 6, ಸ್ಕ್ರೂ 1 ಕಳೆದರೆ ತೋಳಿಗೆ 16 ಚಿಲ್ಲರೆ ಉಳಿಯುತ್ತದೆ. ಆದರೆ ಇದು ಕಾಗದದ ಮೇಲಿನ 30 ಅನ್ನುವ ಅಂಕಿಯನ್ನು ನಂಬಿ ಮಾಡಿದ ಲೆಕ್ಕ. ನಂಬದೆಯೂ ಮಾಡಬಹುದು: ಹೆಡ್‌ಶೆಲ್ ಮೇಲೆ 5 ಗ್ರಾಂ ಮೆತ್ತನೆಯ ಅಂಟು ಒತ್ತಿ, ಕೌಂಟರ್‌ವೇಟ್ ಹಿಂದೆ ಸರಿಸಿ ಒತ್ತಡ ಮೊದಲಿನಷ್ಟಕ್ಕೇ ತಂದು, ಮತ್ತೆ ಅಳೆದೆ. ಗುಡ್ಡ 5.5ಕ್ಕೆ ಜಾರಿತ್ತು. ಎರಡು ಆವರ್ತನಗಳ ಅನುಪಾತದ ವರ್ಗ 1.19, ಹೆಚ್ಚಾದ 0.19 ಪಾಲೇ ನಾನು ಹಾಕಿದ 5 ಗ್ರಾಂ, ಹಾಗಾಗಿ ಮೂಲ ತೂಕ 26 ಗ್ರಾಂ, ತೋಳಿನದು 19. ಎರಡು ದಾರಿಗೆ ಎರಡು ಉತ್ತರ. ಗುಡ್ಡದ ನೆತ್ತಿಯನ್ನು ಕಾಲು ಹರ್ಟ್ಸ್ ಆಚೀಚೆ ಓದಿದರೂ ಉತ್ತರ ಗ್ರಾಂಗಟ್ಟಲೆ ಜಿಗಿಯುತ್ತದೆ, ಹಾಗಾಗಿ ನಡುವಿನ 17.5 ಹಿಡಿದುಕೊಂಡೆ. ಭಾರದ ತೋಳು ಅನ್ನುವುದಕ್ಕೆ ಇಷ್ಟು ಸಾಕು.

ಹೆಡ್‌ಶೆಲ್ ಬಿಚ್ಚಿ ತೂಗಿದರೆ ಅದೊಂದೇ 12 ಗ್ರಾಂ! 7 ಗ್ರಾಂನದ್ದು ಹಾಕಿಬಿಡೋಣ ಅಂತ ಆಸೆ ಹುಟ್ಟಿತು. ಲೆಕ್ಕ ಹಾಕಿದೆ: 6.6 ಹರ್ಟ್ಸ್. ವರ್ಗಮೂಲದ ಕಾಟ ಇದು, ಐದು ಗ್ರಾಂ ಇಳಿಸಿದರೂ ಅರ್ಧ ಹರ್ಟ್ಸ್‌ಗಿಂತ ತುಸು ಹೆಚ್ಚು ಏರುತ್ತದೆ ಅಷ್ಟೇ. ಕಾರ್ಟ್ರಿಜ್ ಕೆಟ್ಟದ್ದಲ್ಲ, ತೋಳೂ ಕೆಟ್ಟದ್ದಲ್ಲ, ಆದರೆ ಜಾತಕ ಕೂಡುತ್ತಿಲ್ಲ. ಒಂದೇ ಕಾಲದವು ಅನ್ನುವ ನನ್ನ ತರ್ಕಕ್ಕೂ ಆಧಾರವಿರಲಿಲ್ಲ. ಆಗ ಒಂದು ಕಡೆ ಒಂದು ಗ್ರಾಂ ಆಸುಪಾಸಿನಲ್ಲಿ ಓಡುವ ಶೂರ್ ವಿ15 ಟೈಪ್ 3ರಂಥ ಮೆದು ಕಾರ್ಟ್ರಿಜ್‌ಗಳಿದ್ದವು, ಅಂಥವಕ್ಕೆ ಹೊಂದುವಂತೆ 5 ಗ್ರಾಂ ಆಸುಪಾಸಿನ ಎಸ್‌ಎಂಇ 3009 ಸೀರೀಸ್ 3ರಂಥ ತೋಳುಗಳೂ ಬಂದವು. ಇನ್ನೊಂದು ಕಡೆ ಗಟ್ಟಿ ಕಾರ್ಟ್ರಿಜ್, ಭಾರದ ತೋಳುಗಳ ಸಂಸಾರ ಬೇರೆಯೇ ನಡೆದಿತ್ತು. ನಾನು ಆ ಮನೆಯದನ್ನು ಈ ಮನೆಗೆ ತಂದಿದ್ದೆ.

ಗಟ್ಟಿಯದು ಅಂದರೆ ತಲೆಗೆ ಮೊದಲು ಬರುವುದು ಡೆನಾನ್ ಡಿಎಲ್-103. 1960ರ ದಶಕದಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಜೊತೆ ಸೇರಿ ರೂಪಿಸಿದ್ದು, ಮೂವಿಂಗ್ ಕಾಯಿಲ್ (ಆಯಸ್ಕಾಂತದ ಬದಲು ತಂತಿಯ ಸುರುಳಿ ಅಲುಗುವ ಬಗೆ), ಇವತ್ತಿಗೂ ಹೊಸದು ಸಿಗುತ್ತದೆ. ತೂಕ 8.5 ಗ್ರಾಂ, ಒತ್ತಡ 2.5 ಗ್ರಾಂ, ಕಂಪ್ಲಯನ್ಸ್ 5. ಐದನ್ನು ಲೆಕ್ಕಕ್ಕೆ ಹಾಕಿದರೆ 13.7 ಹರ್ಟ್ಸ್. ಈಗ ಮೇಲೆ ದಾಟಿತು! ಇದೂ ಆಗುವುದಿಲ್ಲ ಅಂತ ಪಟ್ಟಿಯಿಂದ ಹೊಡೆದುಹಾಕಿದ್ದೆ. ಎಷ್ಟೋ ದಿನಗಳ ಮೇಲೆ ಅದೇ ಸ್ಪೆಸಿಫಿಕೇಶನ್ನಿನ ಸಾಲಿನ ಕೊನೆಯಲ್ಲಿದ್ದ 100 ಹರ್ಟ್ಸ್ ಅನ್ನುವ ಪದ ಕಣ್ಣಿಗೆ ಬಿತ್ತು. ಜಪಾನಿನ ತಯಾರಕರು ಬಹಳಷ್ಟು ಸಲ ಕಂಪ್ಲಯನ್ಸನ್ನು 100 ಹರ್ಟ್ಸ್‌ನಲ್ಲಿ ಅಳೆದು ಕೊಡುತ್ತಾರೆ. ನಮ್ಮ ಸೂತ್ರಕ್ಕೆ ಬೇಕಾದದ್ದು 10 ಹರ್ಟ್ಸ್‌ನ ಅಂಕಿ. ಕ್ಯಾಂಟಿಲಿವರ್ ಹಿಡಿದಿರುವ ರಬ್ಬರ್ ನಿಧಾನದ ಅಲುಗಾಟಕ್ಕೆ ಹೆಚ್ಚು ಬಳುಕುತ್ತದೆ, ಹಾಗಾಗಿ ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳುವುದು ರೂಢಿ. ಸ್ಟ್ಯಾಟಿಕ್, ಅಂದರೆ ಅಲುಗಿಸದೆ ಅಳೆದದ್ದು, ಅಂತ ಬರೆದಿದ್ದರೆ ಅದು ಇನ್ನೊಂದು ಬಲೆ, ಆ ಅಂಕಿ ಬಲು ದೊಡ್ಡದಿರುತ್ತದೆ. ಐದರ ಜಾಗದಲ್ಲಿ 9 ಹಾಕಿದೆ: 27 ಗ್ರಾಂ ಒಟ್ಟು ತೂಕಕ್ಕೆ 10.2 ಹರ್ಟ್ಸ್. ಹೊಡೆದುಹಾಕಿದ ಹೆಸರನ್ನು ಮತ್ತೆ ಬರೆದೆ.

ಕೂರಿಸುವಾಗ ಎದೆ ಹೊಡೆದುಕೊಂಡದ್ದು ಒಂದೇ ಕಡೆ. ಕಾರ್ಟ್ರಿಜ್‌ನ ಕಿವಿಗಳ ತೂತಿನೊಳಗೆ ಸ್ಕ್ರೂ ಹಿಡಿಯುವ ಸುರುಳಿ ಗೆರೆ ಇಲ್ಲ, ಕೆಳಗಿನಿಂದ ನಟ್ ಹಿಡಿಯಬೇಕು. ಒಳಗಿನ ಆಯಸ್ಕಾಂತ ಗಟ್ಟಿ. ಚಿಮಟದಲ್ಲಿ ಹಿಡಿದ ಕಬ್ಬಿಣದ ನಟ್ ಹತ್ತಿರ ಬರುತ್ತಿದ್ದಂತೆ ಚಿಮಟ ಸಮೇತ ಸೂಜಿಯ ಕಡೆಗೆ ತಿರುಗಿತು. ಕೈ ಎಳೆದುಕೊಂಡೆ. ಸೂಜಿಯ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇದ್ದದ್ದಕ್ಕೆ ಬದುಕಿದೆ. ಆಮೇಲೆ ಹಿತ್ತಾಳೆಯ ಸ್ಕ್ರೂ, ಹಿತ್ತಾಳೆಯ ನಟ್. ತಂತಿಗಳ ಬಣ್ಣ ಎಲ್ಲರಿಗೂ ಒಂದೇ: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಹೆಡ್‌ಶೆಲ್ ತೋಳಿಗೆ ಸೇರುವಲ್ಲಿರುವ ನಾಲ್ಕು ಪಿನ್ ಕಪ್ಪಾಗಿದ್ದವು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ತೋಳಿನ ಡಯಲ್ 2.5 ಅಂದಾಗ ಡಿಜಿಟಲ್ ಗೇಜ್ 2.3 ಅಂದಿತು. ಅಷ್ಟು ವಯಸ್ಸಾದ ಡಯಲ್‌ಗೆ ಇಷ್ಟು ಮಾಫಿ, ಗೇಜನ್ನೇ ನಂಬಿದೆ.

ಮತ್ತೆ ಖಾಲಿ ಗೆರೆ, ಮತ್ತೆ ಸ್ಪೆಕ್ಟ್ರಮ್. ಗುಡ್ಡ 10 ಹರ್ಟ್ಸ್‌ಗೆ ತುಸು ಕೆಳಗೆ, ಮೊದಲಿಗಿಂತ ಎಷ್ಟೋ ಗಿಡ್ಡ. ಅದೇ ಸೊಟ್ಟ ರೆಕಾರ್ಡು ಹಾಕಿ ಟಾರ್ಚ್ ಬೆಳಕು ಬಿಟ್ಟು ನೋಡಿದೆ: ಉಬ್ಬು ಬಂದಾಗ ಹೆಡ್‌ಶೆಲ್ ಸೂಜಿಯ ಜೊತೆಗೇ ಏರಿತು, ಜೊತೆಗೇ ಇಳಿಯಿತು. ವೂಫರ್ ಸುಮ್ಮನಿತ್ತು.

ಇದಕ್ಕೆ ತೆತ್ತದ್ದೂ ಇದೆ. ಡಿಎಲ್-103 ಕೊಡುವುದು ಬರೀ 0.3 ಮಿಲಿವೋಲ್ಟ್, ನನ್ನ ಫೋನೋ ಸ್ಟೇಜ್‌ಗೆ ಅದು ಪಿಸುಮಾತು. ಒಂದಕ್ಕೆ ಹತ್ತರ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಸೇರಿಸಿದೆ. 3 ಮಿಲಿವೋಲ್ಟ್ ಆಯಿತು, ಫೋನೋ ಸ್ಟೇಜ್ ಒಡ್ಡುವ ತಡೆ, ಅಂದರೆ 47 ಕಿಲೋ ಓಮ್ ಲೋಡ್, ಕಾರ್ಟ್ರಿಜ್‌ಗೆ 470 ಓಮ್ ಆಗಿ ಕಾಣುತ್ತದೆ, ಅದರ ಒಳಗಿನ 40 ಓಮ್‌ಗೆ ಧಾರಾಳ ಸಾಕು. ಜೊತೆಗೆ ಗುಂಯ್ ಅನ್ನುವ ಹಮ್ಮೂ ಬಂತು. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ಆಂಪ್ಲಿಫೈಯರ್‌ನಿಂದ ಒಂದು ಮೊಳ ದೂರ ಇಟ್ಟು, ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಹಮ್ ಅಡಗಿತು. ಆ ಕೋನದಲ್ಲೇ ಪೆನ್ಸಿಲ್ ಗೆರೆ ಹಾಕಿ ಬಿಟ್ಟಿದ್ದೇನೆ.

ಹಳೆಯ ಮೆದು ಕಾರ್ಟ್ರಿಜ್ ಡಬ್ಬಿಯಲ್ಲಿದೆ, ಮುಚ್ಚಳದ ಮೇಲೆ ‘ತೋಳು 6 ಗ್ರಾಂ ಮೀರಬಾರದು’ ಅಂತ ಬರೆದಿಟ್ಟಿದ್ದೇನೆ. ಹೊಸದರ ಸೂಜಿ ಗೋಳಾಕಾರದ್ದು, ರೆಕಾರ್ಡಿನ ಒಳಸುತ್ತಿಗೆ ಬಂದಾಗ ಹಾಡುವವರ ಸಕಾರ ಇನ್ನೂ ಸ್ವಲ್ಪ ಸೀಳುತ್ತದೆ. ಸದ್ಯ ಕಾರ್ಟ್ರಿಜ್ ಗೆರೆಗೆ ನೇರವಾಗಿ ನಿಲ್ಲುವ ಬಿಂದುಗಳು ರೆಕಾರ್ಡಿನ ನಡುವಿನಿಂದ 66 ಮತ್ತು 120.9 ಮಿ.ಮೀ. ದೂರದಲ್ಲಿ ಬರುವಂತೆ ಹೊಂದಿಸಿದ್ದೇನೆ. ಸ್ಟೀವನ್ಸನ್ ಅನ್ನುವ ಇನ್ನೊಂದು ಲೆಕ್ಕದಲ್ಲಿ ಒಳಗಿನ ಬಿಂದು 60.3ಕ್ಕೆ ಬರುತ್ತದೆ, ಸ್ಕ್ರೂ ಸಡಿಲಿಸಿ ಅಷ್ಟು ಸರಿಸಿ ನೋಡುವುದೊಂದು ಬಾಕಿ ಇದೆ.