ನಾಯಕನಿಗೆ ತಿಳಿಯದ ಗುಟ್ಟನ್ನು ಕಥೆಯಲ್ಲಿ ಕಾಪಾಡುವುದು ಹೇಗೆ?

ಫ್ಯಾಂಟಸಿ ಕಥೆ ಬರೆಯೋಕೆ ಕೂತಾಗ ನಾನು ಮೊದಲು ಕೇಳಿಕೊಳ್ಳುವುದು ಇದು: ನಾಯಕನ ಹಣೆಬರಹ ಯಾರಿಗೆ ಗೊತ್ತು, ಅವರು ಯಾಕೆ ಬಾಯಿ ಬಿಡುತ್ತಿಲ್ಲ? ‘ಕಾಲ ಬಂದಾಗ ಹೇಳ್ತೀನಿ’ ಅಂತ ಗುರು ಸುಮ್ನೆ ತಲೆಯಾಡಿಸಿದರೆ ಓದುಗರಿಗೆ ಸಿಟ್ಟು ಬರುತ್ತದೆ. ಮುಚ್ಚಿಟ್ಟವರಿಗೆ ಪ್ರೀತಿಯೋ ಭಯವೋ ಇರಲೇಬೇಕು.

ಆಮೇಲೆ ಸುಳಿವು. ಅದರ ಪಕ್ಕದಲ್ಲೇ ಒಂದು ನೆಪವನ್ನೂ ಇಡಿ. ನಾನೀಗ ಬರೆಯುತ್ತಿರುವ ಕಥೆಯ ಹುಡುಗ ಆಗುಂಬೆ ಕಡೆಯವನು. ಮಳೆಗಾಲದಲ್ಲಿ ಗೆಳೆಯರ ಜೊತೆ ಕಾನಿಗೆ, ಅಂದರೆ ದಟ್ಟ ಕಾಡಿಗೆ, ಹೋಗಿ ಬರುತ್ತಾನೆ. ಉಳಿದವರೆಲ್ಲ ಜಗಲಿಯಲ್ಲಿ ಕೂತು ಕಾಲಿನಿಂದ ರಕ್ತ ಹೀರುವ ಉಂಬಳ (ಜಿಗಣೆ) ಕೀಳುತ್ತಿದ್ದಾರೆ. ಇವನಿಗೆ ಒಂದೂ ಹತ್ತಿಲ್ಲ. ‘ಬೆಳಗ್ಗೆ ನಾನೇ ಸುಣ್ಣ ಹಚ್ಚಿ ಕಳ್ಸಿದ್ದೆ ಮಾರಾಯ’ ಅನ್ನುತ್ತಾಳೆ ಅಜ್ಜಿ. ಮಲೆನಾಡಿನಲ್ಲಿ ಈ ಮಾತನ್ನು ಯಾರು ಅನುಮಾನಿಸುತ್ತಾರೆ? ಆದರೆ ಆ ರಾತ್ರಿ ಅವಳೊಬ್ಬಳೇ ಕಾಡಿನ ದೇವತೆ ಚೌಡಿಯ ಬನಕ್ಕೆ ಹೋಗಿ ಕಾಯಿ ಒಡೆಯುತ್ತಾಳೆ. ಇದು ಹುಡುಗನಿಗೆ ಕಾಣಬಾರದು, ಓದುಗರಿಗೆ ಕಾಣಬೇಕು. ಕಥೆಯನ್ನು ಹುಡುಗನೇ ಹೇಳುತ್ತಿದ್ದರೆ, ಬೆಳಗ್ಗೆ ಅವಳ ಸೀರೆ ಅಂಚಿನಲ್ಲಿ ಒಣಗಿದ ಕೆಸರು ಸಾಕು. ಅದಕ್ಕಿಂತ ಜಾಸ್ತಿ ಹೇಳಬೇಡಿ.

ಇನ್ನು ಗುಟ್ಟು ಬಯಲಾಗುವ ಹೊತ್ತು. ಕರ್ಣನನ್ನು ನೋಡಿ. ಸಂಧಾನ ಮುರಿದು ಯುದ್ಧ ಬಾಗಿಲಿಗೆ ಬಂದ ಮೇಲೆ ಕೃಷ್ಣ ಅವನಿಗೆ ಹುಟ್ಟಿನ ಗುಟ್ಟು ಹೇಳುತ್ತಾನೆ. ಅಷ್ಟರಲ್ಲಿ ಕರ್ಣ ದುರ್ಯೋಧನನ ಉಪ್ಪು ತಿಂದಾಗಿದೆ. ಸತ್ಯ ಗೊತ್ತಾದರೂ ಪಕ್ಷ ಬಿಡಲಾರ. ಯಕ್ಷಗಾನದಲ್ಲಿ ಈ ಮಾತುಕತೆ ಬಂದಾಗ ನಿದ್ದೆಗಣ್ಣಲ್ಲಿದ್ದವರೂ ಎದ್ದು ಕೂರುತ್ತಾರೆ, ಅಲ್ವಾ? ನಿಮ್ಮ ನಾಯಕನಿಗೂ ಸತ್ಯ ತಿಳಿಯುವ ಮೊದಲೇ ಬಿಡಲಾಗದ ಒಂದು ನಂಟು ಕಟ್ಟಿಕೊಡಿ.