ದೀಪ ಆರಿಸಿದರೆ ನಿಲ್ಲುತ್ತದೆ, ಆದರೂ ಅದು ಸರಪಳಿಯೇ

ಆಲ್ಡಿಹೈಡ್‌ಗೆ ಬ್ರೋಮೋಮ್ಯಾಲೊನೇಟ್ ಅನ್ನುವ ಅಣುವನ್ನು ಬೆಳಕಿನ ನೆರವಿನಿಂದ ಜೋಡಿಸುವ ರಿಯಾಕ್ಷನ್, 2008ರಲ್ಲಿ ರಸಾಯನಶಾಸ್ತ್ರಜ್ಞ ಮ್ಯಾಕ್‌ಮಿಲನ್ ತಂಡ ತೋರಿಸಿದ್ದು. ಇದು ಸರಪಳಿಯಲ್ಲಿ, ಅಂದರೆ ಒಂದು ಸುತ್ತು ಮುಂದಿನ ಸುತ್ತನ್ನು ತಾನೇ ಶುರುಮಾಡುತ್ತಾ, ಓಡುತ್ತದೆ ಅಂತ ನಾನು ಅಂದಾಗ ನಮ್ಮ ಲ್ಯಾಬಿನಲ್ಲಿ ಯಾರೂ ಒಪ್ಪಲಿಲ್ಲ. "ದೀಪ ಆರಿಸಿದ ತಕ್ಷಣ ನಿಲ್ಲುತ್ತಲ್ಲಪ್ಪ, ಸರಪಳಿ ಎಲ್ಲಿಂದ ಬಂತು?" ಅನ್ನುತ್ತಿದ್ದರು ಸೀನಿಯರ್‌ಗಳು.

ಮೊದಲ ನಾಲ್ಕು ತಿಂಗಳು ಇಳುವರಿ 30% ದಾಟಲಿಲ್ಲ. ಬೆಳಕು ಸಾಲದು ಅಂದುಕೊಂಡೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಇನ್ನೊಂದು ರೋಲ್ ನೀಲಿ ಎಲ್‌ಇಡಿ ಸ್ಟ್ರಿಪ್ ತಂದೆ, 400 ರೂಪಾಯಿ ಇರಬೇಕು. ಸ್ಟೀಲ್ ಡಬ್ಬಿಯ ಒಳಗೆ ಸುತ್ತಿದೆ. ಇಳುವರಿ ಏರಲಿಲ್ಲ, ವಯಲ್ ಮಾತ್ರ 45 ಡಿಗ್ರಿಗೆ ಕಾದು ಇ.ಇ. (ಎಡಗೈ-ಬಲಗೈ ಹಾಗಿರುವ ಎರಡು ರೂಪಗಳಲ್ಲಿ ಒಂದು ಇನ್ನೊಂದಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅನ್ನುವ ಅಳತೆ) 90ರಿಂದ 70ರ ಆಸುಪಾಸಿಗೆ ಇಳಿಯಿತು. ಫ್ಯಾನ್ ಇಟ್ಟ ಮೇಲೆ ಅದು ಸರಿಹೋಯಿತು. ಅಷ್ಟರಲ್ಲಿ ಬೆಳಕು ಹೀರುವ ರುಥೇನಿಯಮ್ ಕ್ಯಾಟಲಿಸ್ಟ್, ಎರಡರಲ್ಲಿ ಒಂದೇ ರೂಪ ಹೆಚ್ಚು ಬರುವಂತೆ ಮಾಡುವ ಕೈರಲ್ ಅಮೈನ್ ಎಲ್ಲ ಸೇರಿ 15 ಸಾವಿರ ರೂಪಾಯಿಯಷ್ಟು ಮಾಲು ವೇಸ್ಟ್ ಕ್ಯಾನಿಗೆ ಹೋಗಿತ್ತು.

ತೊಂದರೆ ಇದ್ದದ್ದು ಆಕ್ಸಿಜನ್‌ನಲ್ಲಿ. ಸುಮ್ನೆ ಹತ್ತು ನಿಮಿಷ ನೈಟ್ರೋಜನ್ ಬಿಟ್ಟರೆ ಸಾಲದು. ಮೂರು ಸಲ ಫ್ರೀಜ್-ಪಂಪ್-ಥಾ ಮಾಡಿದೆ (ದ್ರಾವಣವನ್ನು ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಮತ್ತೆ ಕರಗಿಸುವುದು), ಇಳುವರಿ 85% ದಾಟಿತು. ರಿಯಾಕ್ಷನ್‌ಗೆ ಬೇಕಾದ ಬೇಸ್ ಲುಟಿಡಿನ್, ಅದನ್ನು ಹಾಕುವ ಮುಂಚೆ ಅದಕ್ಕೆ ಏನು ಮಾಡುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಚೂರು ಆಕ್ಸಿಜನ್‌ಗೆ ಇಷ್ಟೊಂದು ಪೆಟ್ಟು ಯಾಕೆ? ಬೆಳಕು ಬಿದ್ದಾಗ ಬ್ರೋಮೋಮ್ಯಾಲೊನೇಟ್‌ನಿಂದ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ತುಣುಕು, ಅಂದರೆ ರ‍್ಯಾಡಿಕಲ್, ಹುಟ್ಟುತ್ತದೆ; ಆಲ್ಡಿಹೈಡ್ ಕೈರಲ್ ಅಮೈನ್ ಜೊತೆ ಸೇರಿ ಎನಮೀನ್ ಆಗುತ್ತದೆ. ಮ್ಯಾಲೊನೇಟ್ ರ‍್ಯಾಡಿಕಲ್ ಎನಮೀನ್‌ಗೆ ಸೇರಿದಾಗ ಹುಟ್ಟುವ ಅಮೈನೋ ರ‍್ಯಾಡಿಕಲ್ ತನ್ನ ಎಲೆಕ್ಟ್ರಾನನ್ನು ನೇರವಾಗಿ ಇನ್ನೊಂದು ಬ್ರೋಮೋಮ್ಯಾಲೊನೇಟ್‌ಗೆ ಕೊಡುತ್ತದೆ. ಅಲ್ಲಿಂದ ಹೊಸ ರ‍್ಯಾಡಿಕಲ್. ರುಥೇನಿಯಮ್ ಕಿಡಿ ಹಚ್ಚುತ್ತದೆ ಅಷ್ಟೇ. ಆಕ್ಸಿಜನ್ ಒಂದು ರ‍್ಯಾಡಿಕಲ್ ಹಿಡಿದರೆ ಅದರ ಹಿಂದೆ ಬರಬೇಕಿದ್ದ ಅಣುಗಳೆಲ್ಲ ಹೋದವು ಅಂತಲೇ ಲೆಕ್ಕ.

ಇದನ್ನು ಅಳೆದೇ ತೋರಿಸಬೇಕಿತ್ತು. ಎಷ್ಟು ಫೋಟಾನ್ ಬಿದ್ದವು ಅಂತ ಲೆಕ್ಕ ಹಾಕಲು ಬಳಸುವ ಫೆರಿಆಕ್ಸಲೇಟ್ ಹರಳನ್ನು ನಾನೇ ಮಾಡಿಕೊಂಡೆ. ಕತ್ತಲೆ ಕೋಣೆ, ಕೆಂಪು ದೀಪ, ಬೆಳಕಿನಿಂದ ಹುಟ್ಟಿದ ಕಬ್ಬಿಣಕ್ಕೆ ಬಣ್ಣ ಕೊಡುವ ಫಿನಾಂತ್ರೊಲಿನ್, 510 ನ್ಯಾನೋಮೀಟರಿನಲ್ಲಿ ರೀಡಿಂಗ್. ಸರಪಳಿ ಇಲ್ಲದಿದ್ದರೆ ಒಂದು ಫೋಟಾನ್‌ಗೆ ಹೆಚ್ಚೆಂದರೆ ಒಂದು ಅಣು ಬರಬೇಕು, ಅಲ್ವಾ? ನನಗೆ ಹತ್ತರ ಹತ್ತಿರ ಬಂತು, ಮೂರು ಸಲವೂ. ಇದೇ ರಿಯಾಕ್ಷನ್‌ಗೆ 2015ರಲ್ಲಿ ಯೂನ್ ತಂಡ 18 ಅಂತ ಕೊಟ್ಟಿದೆ. ಉಳಿದ ಆಕ್ಸಿಜನ್‌ನಿಂದ ನನ್ನದು ಕಡಿಮೆ ಬಂದಿದೆ ಅಂತ ನನ್ನ ಅಂದಾಜು.

ದೀಪ ಆರಿಸಿದರೆ ನಿಲ್ಲುವುದು ನಿಜ. ಒಂದೊಂದು ಸರಪಳಿಯ ಆಯುಸ್ಸು ತೀರಾ ಕಡಿಮೆ, ಅರ್ಧ ಗಂಟೆಗೊಮ್ಮೆ ತೆಗೆದ ಸ್ಯಾಂಪಲ್‌ನಲ್ಲಿ ಅದು ಕಾಣುವುದೇ ಇಲ್ಲ. ಸೀನಿಯರ್‌ಗಳು ಈಗ ನನ್ನ ಡಬ್ಬಿಯನ್ನೇ ಕೇಳಿ ಒಯ್ಯುತ್ತಾರೆ.

ನಡುವೆ ರುಥೇನಿಯಮ್ ಬದಲು ಇಯೋಸಿನ್ ಅನ್ನುವ ಬಣ್ಣ ಹಾಕಿ ಹಸಿರು ಎಲ್‌ಇಡಿಯಲ್ಲೂ ನೋಡಿದೆ. ಖರ್ಚು ಏನೂ ಇಲ್ಲ ಅನ್ನಬಹುದು. ಇ.ಇ. ಹೆಚ್ಚುಕಡಿಮೆ ಅಷ್ಟೇ ಬಂತು, ಸಮಯ ಮಾತ್ರ ಜಾಸ್ತಿ ಹಿಡಿಯಿತು. ಹಸಿರು ಬೆಳಕಿಗೆ ಫೆರಿಆಕ್ಸಲೇಟ್ ಸರಿಹೋಗುವುದಿಲ್ಲ, ಹಾಗಾಗಿ ಅದರ ಲೆಕ್ಕ ಇನ್ನೂ ಬಾಕಿ ಇದೆ.