ಭಾನುವಾರದ ಬ್ರಂಚ್‌ಗೆ ಶುಕ್ರವಾರವೇ ರುಬ್ಬಿ

ಭಾನುವಾರ ಹನ್ನೊಂದಕ್ಕೆ ಹದಿನೈದು ಜನರನ್ನು ಮನೆಗೆ ಕರೆದವರು ಎಡವುವುದು ಎರಡು ಕಡೆ. ಎಲ್ಲವನ್ನೂ ಬಿಸಿಬಿಸಿ ಮಾಡಿ ಹಾಕುತ್ತೇನೆ ಎಂದುಕೊಂಡವರು ಬಂದವರ ಮುಖವನ್ನೂ ನೋಡದೆ ಒಲೆ ಮುಂದೆ ಬೆವರುತ್ತಿರುತ್ತಾರೆ. ಎಲ್ಲವನ್ನೂ ಶನಿವಾರ ರಾತ್ರಿಯೇ ಮುಗಿಸಿ ಮಲಗಿದವರು ಹಳಸಲು ವಾಸನೆಯ ಕಾಯಿಚಟ್ನಿ, ಗಟ್ಟಿ ಕಟ್ಟಿದ ಕೇಸರಿಬಾತ್ ಬಡಿಸುತ್ತಾರೆ. ಯಾವ ತಿಂಡಿಗೆ ರಾತ್ರಿ ಕಳೆದರೆ ರುಚಿ ಏರುತ್ತದೆ, ಯಾವುದಕ್ಕೆ ಇಳಿಯುತ್ತದೆ ಎಂದು ನೋಡಿಕೊಂಡು ಮೆನು ಬರೆಯಬೇಕು. ಯಾರಿಗೆ ಏನಿಷ್ಟ ಎಂಬುದು ಆಮೇಲಿನ ಮಾತು.

ಹಾಗಾಗಿ ದೋಸೆ, ಪೂರಿ, ಅಕ್ಕಿರೊಟ್ಟಿ ಮೊದಲೇ ಕೈಬಿಡಿ. ಹದಿನೈದು ಜನಕ್ಕೆ ದೋಸೆ ಎಂದರೆ ಮನೆಯ ಒಬ್ಬರು ಇಡೀ ಬೆಳಿಗ್ಗೆ ಕಾವಲಿ ಕಾಯಬೇಕು. ಖಾರಾಬಾತ್ ಕೂಡ ಬೇಡ, ಅರ್ಧ ಗಂಟೆಗೆಲ್ಲ ಮುದ್ದೆಯಾಗುತ್ತದೆ. ಇಡ್ಲಿ, ಸಾಂಬಾರ್, ಕಾಯಿಚಟ್ನಿ, ಪುಳಿಯೋಗರೆ, ಮೊಸರುವಡೆ, ಕೇಸರಿಬಾತ್, ಫಿಲ್ಟರ್ ಕಾಫಿ ಇಷ್ಟು ಸಾಕು. ಇದಕ್ಕಿಂತ ಒಂದು ಬಗೆ ಹೆಚ್ಚಿಸಿದರೂ ಉಳಿಯುವುದೇ ಹೆಚ್ಚು.

ಗುರುವಾರ: ಪುಳಿಯೋಗರೆ ಗೊಜ್ಜು

ಹದಿನೈದು ಜನಕ್ಕೆ ಮುಕ್ಕಾಲು ಕೆಜಿ ಅಕ್ಕಿಯ ಪುಳಿಯೋಗರೆ ಧಾರಾಳ. ಅದಕ್ಕೆ 100 ಗ್ರಾಂ ಹಳೆ ಹುಣಸೆಹಣ್ಣು, 70 ಗ್ರಾಂ ಬೆಲ್ಲ, 150 ಮಿಲೀ ಎಳ್ಳೆಣ್ಣೆ ಬೇಕು. ಹೊಸ ಹುಣಸೆಯಿಂದ ಗೊಜ್ಜಿಗೆ ಬಣ್ಣ ಬರುವುದಿಲ್ಲ. ಹುಣಸೆಯನ್ನು ಬಿಸಿನೀರಿನಲ್ಲಿ ನೆನೆಸಿ, ಗಟ್ಟಿ ರಸ ತೆಗೆದು, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಅರಿಸಿನ, ಉಪ್ಪು, ಬೆಲ್ಲದ ಜತೆ ಕುದಿಸಿ. ಕೊತ್ತಂಬರಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಮೆಣಸು, ಜೀರಿಗೆ, ಬ್ಯಾಡಗಿ ಮೆಣಸಿನಕಾಯಿ, ಒಂದೇ ಒಂದು ಟೀ ಚಮಚ ಮೆಂತ್ಯ ಹುರಿದು ಮಾಡಿದ ಪುಡಿಯನ್ನು ರಸ ಅರ್ಧಕ್ಕೆ ಇಳಿದ ಮೇಲೆ ಬೆರೆಸಬೇಕು. ಮೆಂತ್ಯ ಹೆಚ್ಚಾದರೆ ಅಥವಾ ಕಪ್ಪಗೆ ಹುರಿದರೆ ಬರುವ ಕಹಿಯನ್ನು ಎಷ್ಟು ಬೆಲ್ಲ ಸುರಿದರೂ ಮುಚ್ಚಲಾಗದು. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗ ಇಳಿಸಿ. ಎಣ್ಣೆ ಬಿಡದ ಗೊಜ್ಜಿನಲ್ಲಿ ಇನ್ನೂ ನೀರಿದೆ ಎಂದರ್ಥ, ಅದು ಬಾಳಿಕೆ ಬರುವುದಿಲ್ಲ.

ಒಣಕೊಬ್ಬರಿ, ಹುರಿದ ಎಳ್ಳಿನ ಪುಡಿ ಗೊಜ್ಜಿಗೆ ಸೇರಿಸಬೇಡಿ. ಕಡಲೆಕಾಯಿ ಬೀಜವನ್ನೂ ಅಷ್ಟೇ, ಅದು ಮೆತ್ತಗಾಗುತ್ತದೆ. ಇವನ್ನೆಲ್ಲ ಬೇರೆ ಡಬ್ಬಿಯಲ್ಲಿಟ್ಟು ಅನ್ನ ಕಲಸುವಾಗ ಹಾಕಿ. ಅಂಗಡಿಯ ಪುಳಿಯೋಗರೆ ಪುಡಿ ಬಳಸುವುದಾದರೆ ಅದರಲ್ಲಿ ಉಪ್ಪು ಮೊದಲೇ ಇರುತ್ತದೆ, ರುಚಿ ನೋಡದೆ ಉಪ್ಪಿಗೆ ಕೈ ಹಾಕಬೇಡಿ.

ಶುಕ್ರವಾರ: ಇಡ್ಲಿ ಹಿಟ್ಟು

ಹೆಚ್ಚಿನವರು ಶನಿವಾರ ಸಂಜೆ ರುಬ್ಬಿ, ರಾತ್ರಿ ಉಬ್ಬಿ, ಭಾನುವಾರ ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಹದಕ್ಕೆ ಬರಲಿ ಎಂದು ಕಾಯುತ್ತಾರೆ. ಹಿಟ್ಟು ನಿಮ್ಮ ಗಡಿಯಾರ ನೋಡುವುದಿಲ್ಲ. ಮಂಗಳೂರಿನ ಸೆಕೆಗೆ ಏಳೆಂಟು ಗಂಟೆಯಲ್ಲಿ ಉಕ್ಕಿ ಚೆಲ್ಲುವ ಹಿಟ್ಟು, ಬೆಂಗಳೂರಿನಲ್ಲಿ ರಾತ್ರಿ 15-16 ಡಿಗ್ರಿಗೆ ಇಳಿಯುವ ಡಿಸೆಂಬರ್, ಜನವರಿಯಲ್ಲಿ ಹದಿನಾಲ್ಕು ಗಂಟೆಯಾದರೂ ಅಲುಗಾಡದೆ ಕೂತಿರುತ್ತದೆ. ಆದ್ದರಿಂದ ಶುಕ್ರವಾರ ಸಂಜೆ ರುಬ್ಬಿ. ಶನಿವಾರ ಯಾವ ಹೊತ್ತಿಗೆ ಉಬ್ಬುತ್ತದೋ ಆಗ ಫ್ರಿಜ್‌ಗೆ ಸೇರಿಸಿ. ಉಬ್ಬಿದ ಹಿಟ್ಟು ತಂಪಿನಲ್ಲಿ ಒಂದು ದಿನ ಹೆಚ್ಚೇನೂ ಹುಳಿಯಾಗದೆ ಇರುತ್ತದೆ. ಉಬ್ಬದಿದ್ದರೂ ಸರಿಪಡಿಸಿಕೊಳ್ಳಲು ಇಡೀ ಶನಿವಾರ ಕೈಯಲ್ಲಿರುತ್ತದೆ.

ಅಳತೆ: ಇಡ್ಲಿ ರವೆ 700 ಗ್ರಾಂ, ಗುಂಡು ಉದ್ದು 350 ಗ್ರಾಂ, ಮೆಂತ್ಯ ಒಂದು ಟೀ ಚಮಚ. ಐವತ್ತರ ಆಸುಪಾಸು ಇಡ್ಲಿ ಆಗುತ್ತದೆ, ತಲೆಗೆ ಮೂರು. ಉದ್ದು ಆ ವರ್ಷದ್ದೇ ಇರಲಿ. ಡಬ್ಬಿಯ ತಳದಲ್ಲಿ ಎರಡು ವರ್ಷದಿಂದ ಕೂತ ಉದ್ದು ಎಷ್ಟು ರುಬ್ಬಿದರೂ ಉಬ್ಬದು. ಕೆಲಸಕ್ಕೆ ಹೋಗುವವರು ಉದ್ದು, ಮೆಂತ್ಯವನ್ನು ಬೆಳಿಗ್ಗೆಯೇ ನೀರು ಹಾಕಿ ಫ್ರಿಜ್‌ನಲ್ಲಿ ನೆನೆಯಲು ಇಡಬಹುದು. ಸಂಜೆಯವರೆಗೆ ಕೆಡುವುದಿಲ್ಲ, ತಣ್ಣಗಿರುವುದರಿಂದ ರುಬ್ಬುವಾಗಲೂ ಬೇಗ ಬಿಸಿಯೇರುವುದಿಲ್ಲ.

ಗ್ರೈಂಡರ್‌ನಲ್ಲಿ ಅರ್ಧ ಗಂಟೆಗಿಂತ ಕಡಿಮೆ ರುಬ್ಬಬೇಡಿ. ನೀರನ್ನು ಒಂದೇ ಸಲ ಸುರಿಯದೆ ಐದಾರು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತಾ ಹೋಗಿ. ಮಿಕ್ಸಿಯೇ ಗತಿ ಎಂದಾದರೆ ಐಸ್ ನೀರು ಹಾಕಿ, ಎರಡು ಮೂರು ಕಂತಿನಲ್ಲಿ, ನಡುನಡುವೆ ನಿಲ್ಲಿಸಿ ರುಬ್ಬಿ. ಜಾರ್ ಬಿಸಿಯಾದರೆ ಹಿಟ್ಟೂ ಬಿಸಿಯಾಗಿ ಹುದುಗು ಹಿಡಿಯಲು ತಕರಾರು ಮಾಡುತ್ತದೆ. ಹದ ನೋಡಲು ಬಟ್ಟಲು ನೀರಿಗೆ ಹಿಟ್ಟಿನ ಒಂದು ಹನಿ ಬಿಡಿ. ತೇಲಿದರೆ ಆಯಿತು. ಮುಳುಗಿದರೆ ಇನ್ನೂ ರುಬ್ಬಬೇಕು.

ಇಡ್ಲಿ ರವೆಯಲ್ಲಿ ಆಗುವ ಎಡವಟ್ಟು ಬೇರೆ. ಅದನ್ನು ಎರಡು ಸಲ ತೊಳೆದು, ಉದ್ದು ರುಬ್ಬುವ ಒಂದು ಗಂಟೆ ಮೊದಲು ನೆನೆಸಿ, ಆಮೇಲೆ ಮುಷ್ಟಿ ಮುಷ್ಟಿಯಾಗಿ ಹಿಂಡಿ ಉದ್ದಿಗೆ ಹಾಕಬೇಕು. ನೀರು ಬಸಿದರೆ ಸಾಲದು, ಹಿಂಡಲೇಬೇಕು. ಹಿಂಡದ ರವೆ ಬೆರೆಸಿದರೆ ಹಿಟ್ಟು ನೀರಾಗಿ ಇಡ್ಲಿ ಚಪ್ಪಟೆಯಾಗುತ್ತದೆ. ಮತ್ತೆ ದಪ್ಪ ಮಾಡಲೆಂದು ಒಣ ರವೆ ಸುರಿದರೆ ಇಡ್ಲಿ ತರಿತರಿಯಾಗುತ್ತದೆ. ಎರಡನ್ನೂ ಕೈಯಿಂದಲೇ ಎರಡು ನಿಮಿಷ ಕಲಸಿ, ಕಲ್ಲುಪ್ಪು ಹಾಕಿ, ಆರು ಲೀಟರ್ ಹಿಡಿಯುವ ಪಾತ್ರೆಗೆ ತುಂಬಿ. ಪಾತ್ರೆ ಅರ್ಧ ಖಾಲಿ ಇರಲಿ, ಇಲ್ಲದಿದ್ದರೆ ಬೆಳಿಗ್ಗೆ ಎದ್ದವರಿಗೆ ಕಟ್ಟೆ ಒರೆಸುವ ಕೆಲಸ.

ಚಳಿಗಾಲದಲ್ಲಿ ಪಾತ್ರೆಯನ್ನು ದೀಪ ಮಾತ್ರ ಉರಿಯುವ ಒವನ್‌ನೊಳಗೆ ಇಡಿ, ಅಥವಾ ಉಗುರುಬೆಚ್ಚನೆಯ ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ನಿಲ್ಲಿಸಿ, ಮೇಲೆ ದಪ್ಪ ಟವೆಲ್ ಹೊದೆಸಿ. ಹಿಟ್ಟು ಹೆಚ್ಚುಕಡಿಮೆ ಒಂದೂವರೆ ಪಟ್ಟಾದಾಗ, ಮೇಲ್ಭಾಗ ಕೊಂಚ ಗುಮ್ಮಟವಾಗಿ ಉಬ್ಬಿದ್ದಾಗಲೇ ಫ್ರಿಜ್‌ಗೆ ಹಾಕಿ. ನಡುವೆ ಕುಸಿದ ಗುಂಡಿ ಕಂಡರೆ ಹೊತ್ತು ಮೀರಿದೆ, ಆ ಹಿಟ್ಟು ದೋಸೆಗೆ ಲಾಯಕ್ಕು. ಸೋಡಾ ಹಾಕಿ ಉಬ್ಬಿಸುವ ಹಾದಿ ಹಿಡಿಯಬೇಡಿ, ಇಡ್ಲಿ ಹಳದಿಯಾಗಿ ಸಾಬೂನಿನ ರುಚಿ ಬರುತ್ತದೆ. ಪ್ಯಾಕೆಟ್ ಹಿಟ್ಟು ತರುವುದಾದರೆ ಇಡ್ಲಿಗೂ ದೋಸೆಗೂ ಒಂದೇ ಎಂದು ಬರೆದದ್ದನ್ನು ಬಿಟ್ಟುಬಿಡಿ. ಅದರಲ್ಲಿ ಉದ್ದು ಕಡಿಮೆ ಇದ್ದರೆ ತಣ್ಣಗಾದ ಇಡ್ಲಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯಬೇಕಾದೀತು. ಬಲೂನಿನಂತೆ ಊದಿದ ಪ್ಯಾಕೆಟ್ ಆಗಲೇ ಹುಳಿಯಾಗಿದೆ.

ಹಿಟ್ಟು ಪೂರ್ತಿ ಕೈಕೊಟ್ಟರೆ ರವೆ ಇಡ್ಲಿ ಇದ್ದೇ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಎಂಟಿಆರ್‌ನಲ್ಲಿ ಹುಟ್ಟಿದ ತಿಂಡಿ ಎಂದು ಹೇಳುವ ಇದು ಆಪತ್ಕಾಲಕ್ಕೆಂದೇ ಬಂದದ್ದು. ರವೆಯನ್ನು ತುಪ್ಪ, ಸಾಸಿವೆ, ಗೋಡಂಬಿ ಜತೆ ಹುರಿದಿಟ್ಟುಕೊಂಡರೆ ಭಾನುವಾರ ಮೊಸರು ಕಲಸಿ ಅರ್ಧ ಗಂಟೆ ನೆನೆಯಲು ಬಿಟ್ಟು, ಬೇಯಿಸುವ ಮುಂಚೆ ಚಿಟಿಕೆ ಸೋಡಾ ಹಾಕಿದರೆ ಮುಗಿಯಿತು. ಸೋಡಾಕ್ಕೆ ಇಲ್ಲಿ ಮಾತ್ರ ಜಾಗ.

ಶನಿವಾರ ಸಂಜೆ: ಸಾಂಬಾರ್, ವಡೆ

ಸಾಂಬಾರ್ ಮರುದಿನಕ್ಕೆ ಇನ್ನೂ ರುಚಿ. ಆದರೆ ತೆಂಗಿನಕಾಯಿ ರುಬ್ಬಿ ಹಾಕಿದ್ದನ್ನು ಹಿಂದಿನ ದಿನ ಮಾಡಬೇಡಿ, ಪುಡಿಯ ಸಾಂಬಾರ್ ಮಾಡಿ. ಒಗ್ಗರಣೆ, ಕೊತ್ತಂಬರಿ ಸೊಪ್ಪು ಭಾನುವಾರಕ್ಕೆ ಉಳಿಸಿ. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್‌ಗೆ ತಳ್ಳಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇದ್ದು ಬೆಳಗಾಗುವಷ್ಟರಲ್ಲಿ ಹಳಸುತ್ತದೆ. ಮೂರ್ನಾಲ್ಕು ಅಗಲ ಪಾತ್ರೆಗೆ ಹಂಚಿ, ಎರಡು ಗಂಟೆಯೊಳಗೆ ಒಳಗಿಡಿ. ಬೆಳಿಗ್ಗೆ ಬಿಸಿ ಮಾಡಿದರೆ ಸಾಲದು, ಕೊತಕೊತ ಕುದಿಸಬೇಕು.

ವಡೆಗೆ 350 ಗ್ರಾಂ ಉದ್ದು, ಇಪ್ಪತ್ತೈದು ವಡೆಯಾಗುತ್ತದೆ. ಮೊಸರುವಡೆಯ ಒಳಗೆ ಒಣ ಗಂಟು ಉಳಿಯುವುದಕ್ಕೆ ಕಾರಣ, ವಡೆಯನ್ನು ಎಣ್ಣೆಯಿಂದ ನೇರ ಗಟ್ಟಿ ಮೊಸರಿಗೆ ಹಾಕುವುದು. ಗಟ್ಟಿ ಮೊಸರು ಒಳಗೆ ಇಳಿಯುವುದಿಲ್ಲ. ಕರಿದ ವಡೆಯನ್ನು ಬಿಸಿ ಇರುವಾಗಲೇ ಉಪ್ಪು ಬೆರೆಸಿದ ಬಿಸಿನೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ಬಣ್ಣ ತಿಳಿಯಾಗಿ ಸ್ಪಂಜಿನಂತಾದ ಮೇಲೆ ಎರಡು ಅಂಗೈ ನಡುವೆ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಒತ್ತಿದಾಗ ಹೊರಬರುವ ನೀರಿನ ಜತೆ ಎಣ್ಣೆಯ ಕಣ್ಣುಗಳೂ ತೇಲುವುದು ಕಾಣುತ್ತದೆ. ಒಡೆದರೆ ಜೋರಾಗಿ ಒತ್ತಿದ್ದೀರಿ ಅಥವಾ ಹಿಟ್ಟಿಗೆ ನೀರು ಹೆಚ್ಚಾಗಿತ್ತು. ಹಿಂಡಿದ ವಡೆಯನ್ನು ಉಪ್ಪು ಹಾಕಿದ ತೆಳು ಮಜ್ಜಿಗೆಯಲ್ಲಿ ಮುಳುಗಿಸಿ ರಾತ್ರಿ ಫ್ರಿಜ್‌ನಲ್ಲಿಡಿ. ಕಾಯಿ, ಹಸಿಮೆಣಸು, ಶುಂಠಿ ರುಬ್ಬಿ ಬೆರೆಸಿದ ಒಂದೂವರೆ ಲೀಟರ್ ಗಟ್ಟಿ ಮೊಸರು ಮೇಲೆ ಬೀಳಬೇಕಾದ್ದು ಬಡಿಸುವ ಅರ್ಧ ಗಂಟೆ ಮುಂಚೆ. ಮೊಸರಿಗೆ ಕಾಲು ಭಾಗ ಕಾಯಿಸಿ ಆರಿಸಿದ ಹಾಲು ಬೆರೆಸಿದರೆ ಹುಳಿ ಏರುವುದಿಲ್ಲ. ಖಾರಾಬೂಂದಿ ತಟ್ಟೆಗೆ ಬಡಿಸಿದ ಮೇಲೆ ಉದುರಿಸಿ.

ಮಲಗುವ ಮೊದಲು ಕಾಯಿ ತುರಿದು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ಗೆ, ಕೇಸರಿಬಾತ್‌ಗೆ ಚಿರೋಟಿ ರವೆಯನ್ನು ತುಪ್ಪದಲ್ಲಿ ಘಮ ಬರುವವರೆಗೆ ಹುರಿದು ಇನ್ನೊಂದು ಡಬ್ಬಿಗೆ. ಗೋಡಂಬಿ, ದ್ರಾಕ್ಷಿಯನ್ನೂ ಹುರಿದಿಡಿ.

ಭಾನುವಾರ

ಎಂಟಕ್ಕೆ ಇಡ್ಲಿ ಹಿಟ್ಟು ಹೊರಗೆ. ಅನ್ನಕ್ಕೆ ಹಳೆ ಸೋನಾಮಸೂರಿ ಇಡಿ, ಒಂದಕ್ಕೆ ಎರಡರ ಲೆಕ್ಕದಲ್ಲಿ ನೀರು. ಅಗಲ ತಟ್ಟೆಗೆ ಹರಡಿ, ಎರಡು ಚಮಚ ಎಣ್ಣೆ ಹಾಕಿ, ಪೂರ್ತಿ ಆರಿದ ಮೇಲೇ ಗೊಜ್ಜು ಕಲಸಿ. ಬಿಸಿ ಅನ್ನಕ್ಕೆ ಕಲಸಿದರೆ ಅಗುಳು ಮುರಿದು ಪುಳಿಯೋಗರೆ ಅಂಟಂಟಾಗುತ್ತದೆ. ಕಲಸಿ ಎರಡು ಗಂಟೆ ಕಳೆದರೆ ಹುಳಿ ಅನ್ನಕ್ಕೆ ಚೆನ್ನಾಗಿ ಹಿಡಿದಿರುತ್ತದೆ.

ಒಂಬತ್ತೂವರೆಗೆ ಇಡ್ಲಿ. ರವೆ ತಳಕ್ಕೆ ಇಳಿದಿರುತ್ತದೆ. ಮೇಲಿನಿಂದ ಸೌಟು ಹಾಕಿ ತೆಗೆಯುತ್ತಾ ಹೋದರೆ ಮೊದಲ ಒಬ್ಬೆ ಹೂವಿನಂತೆ ಬಂದು ಕೊನೆಯದು ಗಟ್ಟಿಯಾಗುತ್ತದೆ. ತಳದಿಂದ ನಾಲ್ಕೈದು ಸಲ ಮಗುಚಿ, ಅಷ್ಟೇ. ಕಲಕಿದರೆ ಹಿಡಿದಿಟ್ಟ ಗಾಳಿಯೆಲ್ಲ ಹೋಗುತ್ತದೆ. ನೀರು ಚೆನ್ನಾಗಿ ಕುದಿದ ಮೇಲೆ ತಟ್ಟೆ ಇಟ್ಟು ಹತ್ತರಿಂದ ಹನ್ನೆರಡು ನಿಮಿಷ. ಇಳಿಸಿ ಎರಡು ನಿಮಿಷ ಬಿಟ್ಟು, ಒದ್ದೆ ಚಮಚದಿಂದ ಬಿಡಿಸಿ. ಹದಿನಾರು ಇಡ್ಲಿಯ ಸ್ಟ್ಯಾಂಡ್‌ನಲ್ಲಿ ಮೂರು ಒಬ್ಬೆ, ಹತ್ತೂಕಾಲಿನ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಹಾಟ್‌ಬಾಕ್ಸ್‌ಗೆ ಒದ್ದೆ ಮಾಡಿ ಹಿಂಡಿದ ಬಟ್ಟೆ ಹಾಸಿ ಜೋಡಿಸಿ. ಮುಚ್ಚಳದ ಕೆಳಗೆ ಒಣ ಬಟ್ಟೆ ಹಾಕದಿದ್ದರೆ ಹಬೆಯ ಹನಿ ಬಿದ್ದು ಮೇಲಿನ ಸಾಲು ಪಿಚಿಪಿಚಿಯಾಗುತ್ತದೆ. ಒಂದೂವರೆ ಗಂಟೆ ಮೆತ್ತಗಿರುತ್ತವೆ. ಹನ್ನೊಂದಕ್ಕೆ ಬರುತ್ತೇವೆ ಎಂದವರು ಹನ್ನೊಂದೂವರೆಗೆ ಬಂದರೂ ಪರವಾಗಿಲ್ಲ.

ಹತ್ತೂವರೆಗೆ ಚಟ್ನಿ ರುಬ್ಬಿ ಒಗ್ಗರಣೆ ಕೊಡಿ. ಪಕ್ಕದ ಒಲೆಯಲ್ಲಿ ಕೇಸರಿಬಾತ್. ಒಂದು ಲೋಟ ರವೆಗೆ ಮೂರು ಲೋಟ ನೀರು, ಒಂದೂಕಾಲು ಲೋಟ ಸಕ್ಕರೆ, ಮುಕ್ಕಾಲು ಲೋಟ ತುಪ್ಪ. ಹದಿನೈದು ಜನಕ್ಕೆ ಎರಡೂವರೆ ಲೋಟ ರವೆ. ಹುರಿಯುವಾಗ ಹಾಕಿದ ತುಪ್ಪವೂ ಇದೇ ಲೆಕ್ಕಕ್ಕೆ. ಕುದಿಯುವ ನೀರಿಗೆ ಮೊದಲು ಕೇಸರಿ ಮತ್ತು ರವೆ. ರವೆ ನೀರು ಹೀರಿ ಬೆಂದ ಮೇಲೆ ಸಕ್ಕರೆ. ಸಕ್ಕರೆ ಮೊದಲು ಬಿದ್ದರೆ ರವೆ ಸರಿಯಾಗಿ ಬೇಯದೆ ಕಾಳುಕಾಳಾಗಿ ಉಳಿಯುತ್ತದೆ. ತುಪ್ಪದಲ್ಲಿ ಜಿಪುಣತನ ಮಾಡುವುದಾದರೆ ಕೇಸರಿಬಾತ್ ಮಾಡದಿರುವುದೇ ಮೇಲು.

ಕಾಫಿಗೆ 150 ಗ್ರಾಂ ಪುಡಿಯನ್ನು ಎರಡು ಫಿಲ್ಟರ್‌ಗೆ ಹಂಚಿ, ಸುಮಾರು 900 ಮಿಲೀ ಕುದಿನೀರು ಸುರಿದು ಒಂಬತ್ತಕ್ಕೇ ಇಳಿಯಲು ಬಿಡಿ. ಮೂವತ್ತು ಸಣ್ಣ ಲೋಟಕ್ಕೆ ಸಾಲುತ್ತದೆ, ಹಾಲು ಎರಡೂವರೆ ಲೀಟರ್. ಹಿಂದಿನ ರಾತ್ರಿಯ ಡಿಕಾಕ್ಷನ್ ಬೇಡ, ಘಮ ಹೋಗಿರುತ್ತದೆ. ಆರಿದ ಡಿಕಾಕ್ಷನ್ ಅನ್ನು ಒಲೆಯ ಮೇಲಿಟ್ಟು ಕುದಿಸಿದರೆ ಕಹಿ, ಹಾಲು ಚೆನ್ನಾಗಿ ಕಾದಿದ್ದರೆ ಅಷ್ಟೇ ಸಾಕು.

ಉಳಿದ ಮೊಸರುವಡೆಯನ್ನು ಅಂದೇ ಖಾಲಿ ಮಾಡಿ, ಅದರಲ್ಲಿ ಹಸಿ ಕಾಯಿ ಇದೆ. ಉಳಿದ ಇಡ್ಲಿ ಹಿಟ್ಟಿಗೆ ಈರುಳ್ಳಿ, ಹಸಿಮೆಣಸು ಹೆಚ್ಚಿ ಹಾಕಿದರೆ ಸೋಮವಾರ ಬೆಳಿಗ್ಗೆ ಪಡ್ಡು.